ಎರಡು ನಿಘಂಟುಗಳ ನಡುವೆ ಒಂದು ಅಣು, ಮತ್ತು ಖೋಟಾ ಎಂಬ ಪದ

ರಚನಾ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಹೋದ ವರ್ಷ ಜೂನ್ ತಿಂಗಳಲ್ಲಿ ನಿಮ್ಮ ಸಮಿತಿ ನಮ್ಮ ಸಂಸ್ಥೆಯ ಸಂಶೋಧನಾ ಸಹಾಯಕಿ ಹೇಮಶ್ರೀಗೆ ಒಂದೂವರೆ ಪುಟದ ಇಂಗ್ಲಿಷ್ ಪತ್ರ ಕಳುಹಿಸಿತು. ಅದರ ಮೂರನೆಯ ಪ್ಯಾರಾದಲ್ಲಿ 'ಫ್ಯಾಬ್ರಿಕೇಟೆಡ್' ಎಂಬ ಪದವಿದೆ. ಕನ್ನಡದಲ್ಲಿ ಹೇಳುವುದಾದರೆ ಖೋಟಾ. ಆಕೆ ಏನನ್ನೂ ಖೋಟಾ ಮಾಡಿರಲಿಲ್ಲ. ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದನ್ನು ಬಳಸಿ ಎಂದು ನೀವು ಸುತ್ತೋಲೆ ಹೊರಡಿಸಿದಿರಿ, ಆಕೆ ಬಳಸಿದಳು. ಎರಡು ಪ್ರೋಗ್ರಾಂಗಳು ಎರಡು ಉತ್ತರ ಕೊಟ್ಟವು. ನೀವು ಪ್ರೋಗ್ರಾಂಗಳನ್ನು ಬಿಟ್ಟು ಆಕೆಯನ್ನು ಹಿಡಿದುಕೊಂಡಿರಿ. ಆ ಪದವನ್ನು ಹಿಂದಕ್ಕೆ ಪಡೆಯಿರಿ ಎಂದು ಕಚೇರಿಯ ಕಾಗದದಲ್ಲಿ ಮೂರು ಬಾರಿ ಕೇಳಿದ್ದೇನೆ. ಮೊದಲ ಎರಡಕ್ಕೆ ಉತ್ತರವೇ ಇಲ್ಲ. ಮೂರನೆಯದಕ್ಕೆ 'ವಿಷಯ ಮುಕ್ತಾಯಗೊಂಡಿದೆ' ಎಂಬ ಒಂದು ಸಾಲು ಬಂತು. ಯಾರ ಪಾಲಿಗೆ ಮುಕ್ತಾಯಗೊಂಡಿದೆ ಎಂದು ಆ ಸಾಲು ಹೇಳಲಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಓದುವವರಿಗೆ ನಾನು ಯಾರೆಂದು ತಿಳಿಯಬೇಕು. ನನ್ನ ಹೆಸರು ಸುಗತ. ದೊಮ್ಮಲೂರಿನವನು, ಊರು ಇನ್ನೂ ಊರಾಗಿದ್ದ ಕಾಲದಿಂದ ನಮ್ಮ ಮನೆ ಅಲ್ಲೇ ಇದೆ. ಹತ್ತೊಂಬತ್ತು ವರ್ಷದಿಂದ ಈ ಸಂಸ್ಥೆಯ ಎಕ್ಸ್-ರೇ ಕೋಣೆಯನ್ನು ನೋಡಿಕೊಳ್ಳುವ ತಾಂತ್ರಿಕ ಅಧಿಕಾರಿ. ನಮ್ಮದು ಔಷಧ ಹುಡುಕುವ ಕೆಲಸ. ರೋಗಾಣುವಿನ ಒಂದು ಪ್ರೋಟೀನನ್ನು ಹರಳುಗಟ್ಟಿಸಿ, ಔಷಧವಾಗಬಹುದಾದ ಒಂದು ಚಿಕ್ಕ ಅಣುವನ್ನು ಅದರೊಳಗೆ ಕೂರಿಸಿ, ಎಕ್ಸ್-ರೇ ಹಾಯಿಸಿ, ಆ ಅಣು ಎಲ್ಲಿ ಹೇಗೆ ಕೂತಿದೆ ಎಂದು ನೋಡುವುದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ ಮನೆ ಮಾಡಿಕೊಂಡು ಯಾವ ಮಾತ್ರೆಗೂ ಜಗ್ಗದ ಒಂದು ಬ್ಯಾಕ್ಟೀರಿಯಾ ಹೇಮಶ್ರೀಯ ಪಾಲಿಗೆ ಬಂದಿತ್ತು. ಹಲಸೂರು, ಶಿವಾಜಿನಗರದ ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ ನೋಡಿ, ಕಾಲ್ಬೆರಳು ಕತ್ತರಿಸಿಕೊಂಡು ಹೊರಬರುವವರು ದಿನವೂ ಸಿಗುತ್ತಾರೆ. ಆ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳುಗಟ್ಟಲು ಎರಡು ವರ್ಷ ಹಿಡಿಯಿತು. ಹರಳುಗಟ್ಟಿಸಿದ್ದು ಹೇಮಶ್ರೀ ಒಬ್ಬಳೇ. ಅದಾದ ಮೇಲೆ ಬಂದು ಫೋಟೋ ತೆಗೆಸಿಕೊಂಡವರ ಪಟ್ಟಿ ಬೇರೆ ಇದೆ.

ಹರಳಿನಿಂದ ನಮಗೆ ಸಿಗುವುದು ಒಂದು ನಕ್ಷೆ. ಒಳ್ಳೆಯ ಹರಳಾದರೆ ಒಂದೊಂದು ಪರಮಾಣುವೂ ಬಿಡಿಬಿಡಿಯಾಗಿ ಕಾಣುತ್ತದೆ. ನಮ್ಮದು ಅಷ್ಟು ಒಳ್ಳೆಯದಲ್ಲ. ಮಂಜು ಹಿಡಿದ ಬಸ್ಸಿನ ಕಿಟಕಿಯಾಚೆ ಯಾರೋ ನಿಂತ ಹಾಗೆ: ಆಳು ಇದ್ದಾನೆ ಎನ್ನುವುದು ಖಚಿತ, ಮೊಣಕೈ ಎಷ್ಟು ಮಡಚಿದ್ದಾನೆ ಎನ್ನುವುದು ಊಹೆ. ಆ ಊಹೆಗೆ ಆಧಾರವಾಗಿ, ಅಣುವನ್ನು ನಕ್ಷೆಗೆ ಹೊಂದಿಸುವ ಕಂಪ್ಯೂಟರ್ ಪ್ರೋಗ್ರಾಂಗೆ ಮೊದಲೇ ಒಂದು ಪಟ್ಟಿ ಕೊಡಬೇಕು. ಈ ಎರಡು ಪರಮಾಣುಗಳ ನಡುವಿನ ಬಂಧ ಇಷ್ಟು ಉದ್ದ, ಈ ಕೋನ ಇಷ್ಟು, ಈ ನಾಲ್ಕು ಒಂದೇ ಸಮತಲದಲ್ಲಿರಬೇಕು, ತಪ್ಪಿದರೂ ಇಷ್ಟರೊಳಗೆ ತಪ್ಪಬಹುದು. ಇವಕ್ಕೆ ನಿರ್ಬಂಧಗಳು ಎನ್ನುತ್ತೇವೆ, ಆ ಪಟ್ಟಿಗೆ ನಿಘಂಟು ಎನ್ನುತ್ತೇವೆ. ಪ್ರೋಟೀನಿನ ನಿಘಂಟು ವರ್ಷಗಳಿಂದ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ಅದರಲ್ಲಿ ಜಗಳವಿಲ್ಲ. ಆದರೆ ಹೊಸದಾಗಿ ಮಾಡಿದ ಔಷಧದ ಅಣುವಿಗೆ ಒಂದೊಂದು ಪ್ರೋಗ್ರಾಂ ತನ್ನದೇ ರೀತಿಯಲ್ಲಿ ನಿಘಂಟು ತಯಾರಿಸಿಕೊಳ್ಳುತ್ತದೆ. ಒಂದು ಲೆಕ್ಕ ಹಾಕಿ ಹೇಳುತ್ತದೆ, ಇನ್ನೊಂದು ಹಳೆಯ ಅಣುಗಳನ್ನು ನೋಡಿ ಹೇಳುತ್ತದೆ. ಎರಡೂ ಅಷ್ಟೇ ಗಂಭೀರವಾಗಿ ಹೇಳುತ್ತವೆ. ನಕ್ಷೆ ಮಸುಕಾಗಿದ್ದಷ್ಟೂ ನಿಘಂಟಿನ ಮಾತೇ ನಡೆಯುತ್ತದೆ. ಇದು ಈ ಕಸುಬಿನ ಮೊದಲ ವರ್ಷದ ಪಾಠ. ಸಮಿತಿಯ ಅಧ್ಯಕ್ಷರಾಗಲು ಮೊದಲ ವರ್ಷದ ಪಾಠ ನೆನಪಿರಬೇಕೆಂಬ ನಿಯಮ ಎಲ್ಲೂ ಇಲ್ಲವೆಂದು ನನಗೆ ಗೊತ್ತು.

ಹೋದ ವರ್ಷದ ಮಾರ್ಚ್‌ನಲ್ಲಿ ಹೇಮಶ್ರೀ ತನ್ನ ಮೊದಲ ರಚನೆಯನ್ನು, ಅಂದರೆ ನಕ್ಷೆಗೆ ಅಣುವನ್ನು ಹೊಂದಿಸಿದ ಚಿತ್ರವನ್ನು, ಮುಗಿಸಿದಳು. ಅವಳ ಅಣುವಿನಲ್ಲಿ ಎರಡು ಉಂಗುರಗಳನ್ನು ಜೋಡಿಸುವ ಒಂದು ನೈಟ್ರೋಜನ್ ಇದೆ. ಆ ರಚನೆಯಲ್ಲಿ ನೈಟ್ರೋಜನ್ ಮತ್ತು ಅದರ ಮೂರು ನೆರೆಯವರು ಮೇಜಿನ ಮೇಲಿಟ್ಟ ತಟ್ಟೆಯ ಹಾಗೆ ಚಪ್ಪಟೆಯಾಗಿದ್ದರು. ಏಪ್ರಿಲ್‌ನಲ್ಲಿ ನಿಮ್ಮ ಸುತ್ತೋಲೆ ಬಂತು. ಇನ್ನು ಮುಂದೆ ಎಲ್ಲ ರಚನೆಗಳನ್ನೂ ಸಮಿತಿ ಅನುಮೋದಿಸಿದ ಪ್ರೋಗ್ರಾಂನಲ್ಲೇ ಪರಿಷ್ಕರಿಸತಕ್ಕದ್ದು, ಹಳೆಯವನ್ನೂ ಪುನಃ ಮಾಡತಕ್ಕದ್ದು. ಕಾರಣ ಕೊಟ್ಟಿರಲಿಲ್ಲ. ನಿಘಂಟುಗಳ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅವಳು ಪುನಃ ಮಾಡಿದಳು. ಮೇ ತಿಂಗಳಲ್ಲಿ ಬಂದ ಎರಡನೆಯ ರಚನೆಯಲ್ಲಿ ಅದೇ ನೈಟ್ರೋಜನ್ ಕೊಡೆಯ ತುದಿಯ ಹಾಗೆ ಮೇಲೆದ್ದಿತ್ತು, ಪಕ್ಕದ ಉಂಗುರ ಹೊರಳಿಕೊಂಡಿತ್ತು, ಮೊದಲು ಅಣು ಪ್ರೋಟೀನನ್ನು ಕಚ್ಚಿ ಹಿಡಿದಂತೆ ಕಂಡಿದ್ದ ಒಂದು ಮುಖ್ಯ ಹಿಡಿತ ಕಾಣೆಯಾಗಿತ್ತು. ಅದೇ ಹರಳು, ಅದೇ ಎಕ್ಸ್-ರೇ, ಅದೇ ಅಂಕಿಗಳು. ಅವಳು ಎರಡನ್ನೂ ಮುಚ್ಚಿಡದೆ ಒಂದರ ಪಕ್ಕ ಒಂದಿಟ್ಟು, 'ಈ ವ್ಯತ್ಯಾಸದ ಮೂಲ ತಿಳಿಯಬೇಕಾಗಿದೆ' ಎಂದು ಬರೆದು ನಿಮಗೆ ಕಳುಹಿಸಿದಳು. ಖೋಟಾ ಮಾಡುವವರು ಹೀಗೆ ಎರಡನ್ನೂ ಹೊತ್ತು ತಂದು ಮೇಜಿನ ಮೇಲಿಡುತ್ತಾರೆಯೇ? ನಿಮ್ಮ ದೀರ್ಘ ಸೇವಾವಧಿಯಲ್ಲಿ ಅಂಥವರನ್ನು ಎಷ್ಟು ಜನರನ್ನು ಕಂಡಿದ್ದೀರಿ?

ಜೂನ್ ಹನ್ನೊಂದರ ಸಭೆಯಲ್ಲಿ ನಾನೂ ಇದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ, ಎರಡನೆಯ ಮಹಡಿಯ ಸಭಾಂಗಣ. ಎರಡು ಚಿತ್ರಗಳನ್ನೂ ತೆರೆಯ ಮೇಲೆ ಹಾಕಿಸಿ ನೀವು ಕೇಳಿದಿರಿ.

"ಒಂದೇ ಡೇಟಾ, ಎರಡು ಶೇಪು. ಯಾವುದಮ್ಮಾ ನಿಜ?"

"ಇನ್ನೂ ಗೊತ್ತಿಲ್ಲ ಸರ್," ಎಂದಳು ಹೇಮಶ್ರೀ. "ಎರಡೂ ಪ್ರೋಗ್ರಾಂ ಕೊಟ್ಟಿದ್ದೇ. ನಾನು ಕೈಯಲ್ಲಿ ಏನೂ ಅಲ್ಲಾಡ್ಸಿಲ್ಲ."

"ಅಂದ್ರೆ ಪ್ರೋಗ್ರಾಂ ಸುಳ್ಳು ಹೇಳ್ತಾ?"

"ಸುಳ್ಳು ಹೇಳಲ್ಲ ಸರ್. ನಾವು ಹೇಳ್ಕೊಟ್ಟಿದ್ದನ್ನ ಹೇಳುತ್ತೆ. ಎರಡಕ್ಕೂ ಬೇರೆ ಬೇರೆ ಹೇಳ್ಕೊಟ್ಟಿದೀವಿ ಅನ್ಸುತ್ತೆ, ಅದನ್ನ ಚೆಕ್ ಮಾಡ್ಬೇಕು."

ನೀವು ಸುತ್ತ ನೋಡಿ ನಕ್ಕಿರಿ. ನೀವು ನಕ್ಕಿದ್ದರಿಂದ ಇನ್ನೂ ನಾಲ್ಕು ಜನ ನಕ್ಕರು. "ನೋಡಮ್ಮಾ, ಪ್ರಪಂಚದಲ್ಲೆಲ್ಲ ಬಳಸೋ ಪ್ರೋಗ್ರಾಂ ಅದು. ಅದಕ್ಕೆ ಪಾಠ ಹೇಳೋಕೆ ಬಂದಿದೀಯ?" ಎಂದಿರಿ. ಆಮೇಲೆ ನಿಮ್ಮ ಪಕ್ಕದಲ್ಲಿದ್ದವರು, ಮೊದಲ ರಚನೆಯಲ್ಲಿ ಹಿಡಿತ ಚೆನ್ನಾಗಿ ಕಾಣುವಂತೆ ಅಣುವನ್ನು 'ಬೇಕಾದ ಹಾಗೆ' ಕೂರಿಸಲಾಗಿದೆ ಎಂದರು. ಟಿಪ್ಪಣಿ ಬರೆದುಕೊಳ್ಳುತ್ತಿದ್ದವರು ಅದನ್ನು ಬರೆದುಕೊಂಡರು. ಇಪ್ಪತ್ತು ನಿಮಿಷಕ್ಕೆ ಸಭೆ ಮುಗಿಯಿತು. ಎರಡು ನಿಘಂಟುಗಳನ್ನು ತೆರೆದು ಅಕ್ಕಪಕ್ಕ ಇಡಲು ಐದು ನಿಮಿಷ ಸಾಕಾಗುತ್ತಿತ್ತು, ಇಟ್ಟವರಿಲ್ಲ.

ಈಗ ನನ್ನ ವಿಷಯ. ಮಾರ್ಚ್‌ನ ನಿಘಂಟನ್ನು ತಯಾರಿಸಿ ಹೇಮಶ್ರೀಗೆ ಕೊಟ್ಟವನು ನಾನು. 'ಇದನ್ನ ಹಾಕ್ಕೊಳಮ್ಮ, ಸರಿಯಾಗಿದೆ' ಎಂದು ಹೇಳಿ ಕೊಟ್ಟಿದ್ದೆ. ನೈಟ್ರೋಜನ್ನಿನ ಸಾಲನ್ನು ನಾನು ಪರೀಕ್ಷಿಸಿರಲಿಲ್ಲ. ಅಂದು ಸಭೆಯಲ್ಲಿ 'ಆ ಫೈಲ್ ನನ್ನದು' ಎಂಬ ಮೂರು ಪದ ಹೇಳಿದ್ದರೆ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ನಾನು ಎದುರಿಗಿದ್ದ ನೀರಿನ ಬಾಟಲಿಯನ್ನು ನೋಡುತ್ತಾ ಕೂತೆ. ನನ್ನ ಬಡ್ತಿಯ ಕಡತ ಆ ತಿಂಗಳು ನಿಮ್ಮ ಸಮಿತಿಯ ಮುಂದಿತ್ತು. ಬಡ್ತಿ ಬಂತು. ಅದೇ ವಾರ ಆಕೆಗೆ ನಿಮ್ಮ ಪತ್ರ ಹೋಯಿತು, ಆ ತಿಂಗಳಲ್ಲೇ ಆಕೆ ಕೆಲಸ ಬಿಡಬೇಕಾಯಿತು. ನಿಮ್ಮ ಮೇಲೆ ಹೊರಿಸಲು ಬರುವ ಮುಂಚೆ ನನ್ನ ಪಾಲನ್ನು ಇಲ್ಲಿ ಇಳಿಸಿದ್ದೇನೆ. ನಿಮ್ಮ ಪಾಲು ಇದರಿಂದ ಕಡಿಮೆಯಾಗುವುದಿಲ್ಲ.

ಜುಲೈ ತಿಂಗಳ ಒಂದು ಶನಿವಾರ ನಾನು ಬೈಯಪ್ಪನಹಳ್ಳಿಯಲ್ಲಿರುವ ಆಕೆಯ ಮನೆಗೆ ಹೋದೆ. ಎಕ್ಸ್-ರೇ ಕೋಣೆ ಸದಾ ತಣ್ಣಗಿರುವುದರಿಂದ ಆಕೆ ಅಲ್ಲೊಂದು ಸ್ವೆಟರ್ ಇಟ್ಟಿರುತ್ತಿದ್ದಳು. ಅದೂ ಎರಡು ನೋಟ್‌ಬುಕ್ಕೂ ಉಳಿದುಹೋಗಿದ್ದವು. ಅವನ್ನು ಕೊಡುವ ನೆಪ. ಮೆಟ್ರೋ ಡಿಪೋದ ಗೋಡೆಯ ಹಿಂದಿನ ಓಣಿ, ಮೊದಲ ಮಹಡಿ. ಆಕೆ ಮನೆಯಲ್ಲಿರಲಿಲ್ಲ, ಎಲ್ಲೋ ಇಂಟರ್‌ವ್ಯೂಗೆ ಹೋಗಿದ್ದಳು. ತಂದೆ ಚಿಕ್ಕವೆಂಕಟಪ್ಪ ಇದ್ದರು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ನೀರಿನ ಪಂಪು ನೋಡಿಕೊಳ್ಳುವವರು, ಆ ದಿನ ಅವರಿಗೆ ರಜೆ. ಕುರ್ಚಿ ಹಾಕಿ, ಕಾಫಿ ತರಿಸಿ, ಟೀವಿಯ ಸ್ಟ್ಯಾಂಡಿನ ಕೆಳಗಿಂದ ನಿಮ್ಮ ಪತ್ರವನ್ನು ತೆಗೆದರು. ಪ್ಲಾಸ್ಟಿಕ್ ಕವರಿನೊಳಗಿತ್ತು.

"ಸ್ವಾಮಿ, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳನ್ನ ಕೇಳಿದ್ರೆ ಏನಿಲ್ಲಪ್ಪ ಅಂತಾಳೆ. ಪಕ್ಕದ್ಮನೆಯವ್ರ ಹತ್ರ ಓದಿಸ್ದೆ. ಈ ಪದಕ್ಕೆ ಖೋಟಾ ಅಂತ ಅರ್ಥ ಅಂದ್ರು. ಖೋಟಾ ಅಂದ್ರೆ ನೋಟಲ್ವಾ? ನಮ್ ಹುಡುಗಿ ಅಲ್ಲಿ ಏನ್ ಪ್ರಿಂಟ್ ಮಾಡ್ತಿದ್ಲು?"

ನೋಟಲ್ಲ, ಒಂದು ಚಿತ್ರದ ವಿಷಯ ಎಂದೆ.

"ಚಿತ್ರ ತಪ್ಪಾಗಿ ಬರೆದ್ರೆ ತಪ್ಪು ಅಂತ ಬರೀಬೇಕು ತಾನೆ? ಖೋಟಾ ಯಾಕ್ ಬರೀತಾರೆ? ತಪ್ಪು ಬೇರೆ, ಖೋಟಾ ಬೇರೆ ಅಲ್ವಾ ಸ್ವಾಮಿ?"

ಮಾನ್ಯರೇ, ನೀವು, ನಿಮ್ಮ ಪಕ್ಕದವರು, ಟಿಪ್ಪಣಿ ಬರೆದುಕೊಂಡವರು ಎಲ್ಲರೂ ಪಿಎಚ್.ಡಿ. ಮಾಡಿದವರು. ತಪ್ಪು ಬೇರೆ, ಖೋಟಾ ಬೇರೆ ಎಂಬುದು ಆ ಇಪ್ಪತ್ತು ನಿಮಿಷಗಳಲ್ಲಿ ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪಂಪು ನೋಡಿಕೊಳ್ಳುವ ಚಿಕ್ಕವೆಂಕಟಪ್ಪನವರಿಗೆ ಹೊಳೆಯಿತು. ನಾನು ಸ್ವೆಟರ್ ಮತ್ತು ಪುಸ್ತಕಗಳನ್ನು ಅವರ ಕೈಗಿಟ್ಟು, ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಸೋಮವಾರ ರಸಾಯನ ವಿಭಾಗದ ತೌಹೀದ್ ಅವರ ಬಳಿ ಹೋದೆ. ಅಣುವನ್ನು ಮೊದಲು ಮಾಡಿದವರೇ ಅವರು. ಶಿವಾಜಿನಗರದವರು, ಕಡಿಮೆ ಮಾತಿನವರು. ಇಬ್ಬರೂ ಕೂತು ಎರಡು ನಿಘಂಟುಗಳನ್ನು ಸಾಲುಸಾಲಾಗಿ ಓದಿದೆವು. ಬಂಧದ ಉದ್ದಗಳು ಅಲ್ಲಲ್ಲಿ ಕೂದಲೆಳೆಯಷ್ಟು ಬೇರೆ, ಅದು ಸಹಜ. ನೈಟ್ರೋಜನ್ನಿನ ಸಾಲಿಗೆ ಬಂದಾಗ ತೌಹೀದ್ ಪೆನ್ನು ಕೆಳಗಿಟ್ಟರು. ನಾನು ಕೊಟ್ಟಿದ್ದ ನಿಘಂಟು ಅದನ್ನು ಪೂರ್ತಿ ಚಪ್ಪಟೆ ಎಂದಿತ್ತು. ನಿಮ್ಮ ಅನುಮೋದಿತ ಪ್ರೋಗ್ರಾಂನ ನಿಘಂಟು ಪೂರ್ತಿ ಕೊಡೆ ಎಂದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಎಷ್ಟು ತಪ್ಪಬಹುದು ಎಂಬ ಕಾಲಮಿನಲ್ಲಿ ಎರಡೂ ಹೆಚ್ಚುಕಡಿಮೆ ಸೊನ್ನೆ ಇಟ್ಟುಕೊಂಡಿದ್ದವು. ಅಂದರೆ ನಕ್ಷೆ ಏನೇ ಹೇಳಿದರೂ ಕೇಳುವುದಿಲ್ಲ ಎಂದು ಎರಡೂ ಮೊದಲೇ ತೀರ್ಮಾನಿಸಿದ್ದವು. ಆ ಸಭೆಯನ್ನು ನೆನೆಸಿಕೊಂಡರೆ, ಪ್ರೋಗ್ರಾಂಗಳನ್ನಷ್ಟೇ ದೂರುವುದೂ ಸರಿಯಲ್ಲ.

"ಸುಗತ್ ಭಾಯ್, ಇವೆರಡೂ ಜಗಳ ಆಡ್ಕೊಂಡು ಕೂತ್ರೆ ತೀರ್ಪು ಕೊಡೋರು ಬೇರೆ ಬೇಕು," ಎಂದರು ತೌಹೀದ್. "ಪ್ರೋಟೀನ್ ಬೇಡ. ಅಣು ಒಂದನ್ನೇ ಹರಳು ಮಾಡೋಣ. ಅದ್ರಲ್ಲಿ ಮಂಜು ಇರಲ್ಲ, ಒಂದೊಂದು ಪರಮಾಣುನೂ ಎಣಿಸ್ಬೋದು."

ಅಣು ಸುಲಭಕ್ಕೆ ಹರಳಾಗಲಿಲ್ಲ. ತೌಹೀದ್ ಹನ್ನೆರಡು ಬಗೆಯ ದ್ರಾವಕಗಳಲ್ಲಿ ಅದನ್ನು ಕರಗಿಸಿ, ಬೆರಳುದ್ದದ ಸೀಸೆಗಳಲ್ಲಿಟ್ಟು ಆರು ವಾರ ಕಾದರು. ಹತ್ತರಲ್ಲಿ ಅಂಟು ಬಂತು, ಒಂದರಲ್ಲಿ ಬಿಳಿ ಪುಡಿ. ಒಂದರಲ್ಲಿ ಮಾತ್ರ ಸಕ್ಕರೆಯ ಕಣದಷ್ಟು ಚಿಕ್ಕ ಮೂರು ಹರಳು ಸಿಕ್ಕವು. ಒಂದನ್ನು ಯಂತ್ರಕ್ಕೆ ಕೂರಿಸುವಾಗಲೇ ಒಡೆದೆ. ಎರಡನೆಯದು ನಿಂತಿತು. ಅದರಿಂದ ಬಂದ ಚಿತ್ರ ನೋಡಿ ತೌಹೀದ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಪೂರ್ತಿ ಚಪ್ಪಟೆನೂ ಅಲ್ಲ, ಪೂರ್ತಿ ಕೊಡೆನೂ ಅಲ್ಲ. ನಡುವೆ ಇದೆ ನೋಡಿ." ನೈಟ್ರೋಜನ್ ತನ್ನ ಮೂರು ನೆರೆಯವರ ಸಮತಲದಿಂದ ಮೇಲೆದ್ದಿತ್ತು, ಆದರೆ ನಿಮ್ಮ ನಿಘಂಟು ಹೇಳಿದ್ದರ ಅರ್ಧದಷ್ಟು ಮಾತ್ರ. ಎರಡು ನಿಘಂಟುಗಳೂ ತಪ್ಪು. ನನ್ನದೂ ತಪ್ಪು, ನಿಮ್ಮದೂ ತಪ್ಪು. ಮೂಲ ತಿಳಿಯಬೇಕಾಗಿದೆ ಎಂದು ಬರೆದಿದ್ದ ಒಬ್ಬಳೇ ಸರಿ.

ಆ ಹರಳಿನ ಅಳತೆಗಳಿಂದ ನಾವು ಮೂರನೆಯ ನಿಘಂಟೊಂದನ್ನು ಬರೆದೆವು, ಎರಡು ಪ್ರೋಗ್ರಾಂಗಳೂ ಓದಬಲ್ಲ ರೂಪದಲ್ಲಿ. ಅದನ್ನು ಮುದ್ರಿಸಿಕೊಂಡು ನವೆಂಬರಿನಲ್ಲಿ ಹೇಮಶ್ರೀಯನ್ನು ಹುಡುಕಿಕೊಂಡು ಕೆ.ಆರ್. ಪುರಕ್ಕೆ ಹೋದೆ. ಆಕೆ ಅಲ್ಲೊಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಎದುರಿನ ದರ್ಶಿನಿಗೆ ಬಂದಳು. ಬೆರಳಿಗೆ ಮಾರ್ಕರಿನ ನೀಲಿ ಬಣ್ಣ ಹತ್ತಿತ್ತು. ನಿಂತೇ ತಿನ್ನುವ ಮೇಜಿನ ಮೇಲೆ ನಾನು ಹಾಳೆಗಳನ್ನು ಹರಡಿದೆ. ಆಕೆ ಇಡ್ಲಿ ಮುಟ್ಟದೆ ಓದತೊಡಗಿದಳು. ನಾಲ್ಕನೆಯ ಹಾಳೆಯಲ್ಲಿ, ಎಷ್ಟು ತಪ್ಪಬಹುದು ಎಂಬ ಕಾಲಮಿಗೆ ಬಂದು ನಿಂತಳು.

"ಸರ್, ಇಲ್ಲಿ ಟಾಲರೆನ್ಸ್ ಇಷ್ಟು ಬಿಗಿ ಯಾಕಿಟ್ರಿ?"

ಹರಳಿನಲ್ಲಿ ಅಷ್ಟು ನಿಖರವಾಗಿ ಅಳೆದಿದ್ದೇವಲ್ಲ ಎಂದೆ.

"ಅದು ಅಣು ಒಂಟಿಯಾಗಿ ಇದ್ದಾಗಿನ ಅಳತೆ. ಪ್ರೋಟೀನ್ ಒಳಗೆ ಹೋದ್ರೆ ಸ್ವಲ್ಪ ಬಾಗಬೋದು. ಅದಕ್ಕೆ ಜಾಗ ಬಿಡ್ಬೇಕು. ಇಷ್ಟು ಬಿಗಿ ಇಟ್ರೆ ಆ ಕಮಿಟಿಯವ್ರು ಮಾಡಿದ್ದನ್ನೇ ನಾವೂ ಮಾಡ್ದಂಗಾಯ್ತು, ನಕ್ಷೆ ಏನ್ ಹೇಳುತ್ತೆ ಅಂತ ಕೇಳೋದೇ ಬೇಡ ಅಂತ." ಬ್ಯಾಗಿನಿಂದ ಪೆನ್ಸಿಲ್ ತೆಗೆದು ಹನ್ನೊಂದು ಅಂಕಿಗಳನ್ನು ತಿದ್ದಿದಳು. ಪ್ರತಿಯೊಂದರ ಪಕ್ಕದಲ್ಲಿ ಕಾರಣ ಬರೆದಳು. ನಿಮ್ಮ ಪತ್ರದಲ್ಲಿ ಖೋಟಾ ಎನಿಸಿಕೊಂಡ ಕೈ ಅದು.

ಆಗ ನಾನು, ಮಾರ್ಚ್‌ನ ಫೈಲ್ ನನ್ನದು, ಸಭೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ ಎಂದೆ.

"ಗೊತ್ತಿತ್ತು ಸರ್. ಫೈಲಿನ ಮೊದಲ ಸಾಲಲ್ಲೇ ನಿಮ್ಮ ಹೆಸರಿತ್ತಲ್ಲ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ."

ಕೋಪದಿಂದ ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಆಮೇಲೆ ಆರಿದ ಇಡ್ಲಿಯನ್ನು ಬೇಗಬೇಗ ತಿಂದಳು, ಎರಡು ಗಂಟೆಗೆ ಮುಂದಿನ ಕ್ಲಾಸಿತ್ತು. ನಾನು ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದೆ. ನಲವತ್ತೆಂಟು ವರ್ಷದ ಮನುಷ್ಯ, ರಸ್ತೆ ಬದಿಯಲ್ಲಿ ಕಣ್ಣೊರೆಸಿಕೊಂಡೆ ಎಂದು ಬರೆಯಲು ನಾಚಿಕೆಯೇನಿಲ್ಲ. ನಾಚಿಕೆಪಡಬೇಕಾದ ಕೆಲಸವನ್ನು ಜೂನ್ ಹನ್ನೊಂದರಂದೇ ಮಾಡಿ ಮುಗಿಸಿದ್ದೆ.

ಹೊರಡುವಾಗ ಇನ್ನೊಂದು ಮಾತು ತಿಳಿಯಿತು. ಜುಲೈಯಲ್ಲಿ ಹೋಗಿದ್ದ ಇಂಟರ್‌ವ್ಯೂ ಚೆನ್ನಾಗಿಯೇ ಆಗಿತ್ತಂತೆ. ಹಿಂದಿನ ಸಂಸ್ಥೆಯಿಂದ ಒಂದು ಪತ್ರ ತರಿಸಿಕೊಳ್ಳುತ್ತೇವೆ ಎಂದಿದ್ದರಂತೆ. ತರಿಸಿಕೊಂಡರು. ಆಮೇಲೆ ಫೋನ್ ಎತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಇನ್ನೊಂದು ಕಡೆಯೂ ಅದೇ ಆಯಿತು. ಮೂರನೆಯ ಕಡೆಗೆ ಆಕೆ ಅರ್ಜಿಯನ್ನೇ ಹಾಕಿಲ್ಲ. ಹರಳು ಬೆಳೆಸಬಲ್ಲವರು ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆಯೇ, ಮಾನ್ಯರೇ? ಎರಡು ವರ್ಷ ಜಗ್ಗದ ಪ್ರೋಟೀನನ್ನು ಜಗ್ಗಿಸಿದವಳು ಈಗ ಮೋಲ್ ಎಂದರೇನು ಎಂದು ದಿನಕ್ಕೆ ನಾಲ್ಕು ಬಾರಿ ಹೇಳುತ್ತಿದ್ದಾಳೆ. ಆ ಮಕ್ಕಳ ಪುಣ್ಯ. ಹುಣ್ಣಿರುವ ಕಾಲುಗಳಿಗೆ ಆ ಪುಣ್ಯ ಇಲ್ಲ.

ಆಕೆ ತಿದ್ದಿದ ನಿಘಂಟನ್ನು ಡಿಸೆಂಬರ್ ಮೊದಲ ವಾರ ಎರಡು ಪ್ರೋಗ್ರಾಂಗಳಿಗೂ ಕೊಟ್ಟೆವು, ಒಂದೇ ಕಡತ, ಒಂದು ಚುಕ್ಕಿಯೂ ಬೇರೆಯಿಲ್ಲದೆ. ಎರಡೂ ಒಂದೇ ಆಕಾರ ಕೊಟ್ಟವು. ಒಂದರ ಮೇಲೊಂದು ಇಟ್ಟರೆ ಎರಡಿವೆ ಎಂದೇ ಕಾಣುತ್ತಿರಲಿಲ್ಲ. ಹಳೆಯ ಎರಡು ರಚನೆಗಳಲ್ಲೂ ವಿವರಣೆಯಿಲ್ಲದೆ ಉಳಿದಿದ್ದ, ಆಕಾರ ನಕ್ಷೆಗೆ ಹೊಂದದ ಕಡೆ ಕಾಣುವ ಕೆಂಪು, ಹಸಿರು ಕಲೆಗಳು ನಕ್ಷೆಯಿಂದ ಮಾಯವಾದವು. ಮೊದಲ ರಚನೆಯಲ್ಲಿ ಕಂಡು ಎರಡನೆಯದರಲ್ಲಿ ಕಾಣೆಯಾಗಿದ್ದ ಹಿಡಿತ ಮತ್ತೆ ಕಂಡಿತು, ಸ್ವಲ್ಪ ಬೇರೆ ದಿಕ್ಕಿನಿಂದ. ಆರು ತಿಂಗಳಿನಿಂದ ರಸಾಯನ ವಿಭಾಗದವರು ನಿಮ್ಮ ಅನುಮೋದಿತ ಆಕಾರವನ್ನು ನಂಬಿ ಮೂವತ್ತೆಂಟು ಹೊಸ ಅಣುಗಳನ್ನು ಮಾಡಿದ್ದರು. ಮೂವತ್ತೆಂಟೂ ಬ್ಯಾಕ್ಟೀರಿಯಾವನ್ನು ಮುಟ್ಟಿರಲಿಲ್ಲ. ಏಕೆಂದು ಆ ದಿನ ಗೊತ್ತಾಯಿತು. ಅಣುವಿಗೆ ಹೊಸದಾಗಿ ಸೇರಿಸಿದ ಬಾಲವನ್ನು ಖಾಲಿ ಜಾಗಕ್ಕೆ ಚಾಚುವ ಬದಲು ಪ್ರೋಟೀನಿನ ಗೋಡೆಗೆ ಗುದ್ದಿಸುತ್ತಿದ್ದರು. ಹೊಸ ಆಕಾರ ನೋಡಿ ತೌಹೀದ್ ನಾಲ್ಕು ಅಣುಗಳನ್ನು ಮಾಡಿದರು. ಏಪ್ರಿಲ್‌ನಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಮೂರು ಕೆಲಸಕ್ಕೆ ಬಾರದವು. ಒಂದು, ಮೊದಲಿನದರ ಹತ್ತರಲ್ಲೊಂದು ಪ್ರಮಾಣದಲ್ಲೇ ಬ್ಯಾಕ್ಟೀರಿಯಾವನ್ನು ತಡೆಯಿತು. ಅದು ಔಷಧವಾಗಲು ಇನ್ನೂ ವರ್ಷಗಳು ಬೇಕು, ಆಗದೆಯೂ ಇರಬಹುದು. ಆದರೆ ಮೂರು ವರ್ಷದಲ್ಲಿ ನಮ್ಮ ಗುಂಪು ಕಂಡ ಮೊದಲ ಒಳ್ಳೆಯ ಸುದ್ದಿ ಅದು.

ಇದೆಲ್ಲವನ್ನೂ ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ, ಏಪ್ರಿಲ್‌ನ ಫಲಿತಾಂಶ ಸೇರಿಸಿ ಮೇ ತಿಂಗಳಲ್ಲಿ ಇನ್ನೊಮ್ಮೆ ನಿಮಗೆ ಬರೆದೆ. ಮೂರು ನಿಘಂಟುಗಳನ್ನೂ, ಚಿಕ್ಕ ಹರಳಿನ ಅಳತೆಗಳನ್ನೂ, ಹೇಮಶ್ರೀಯ ಪೆನ್ಸಿಲ್ಲಿನ ಹಾಳೆಗಳ ನಕಲನ್ನೂ ಲಗತ್ತಿಸಿದ್ದೆ. ಮುಕ್ತಾಯಗೊಂಡ ವಿಷಯ ಎಂದಿರಿ. ಅದಾದ ಹತ್ತೇ ದಿನಕ್ಕೆ ಸಂಸ್ಥೆಯ ವಾರ್ಷಿಕ ಸಾಧನೆಗಳ ಕರಡು ನನ್ನ ಮೇಜಿಗೆ ಬಂತು. ಮೊದಲ ಪುಟದಲ್ಲಿ ನಮ್ಮ ಮೂರನೆಯ ರಚನೆ, ಬಣ್ಣದಲ್ಲಿ. ಕೆಳಗೆ 'ಸಮಿತಿಯ ಅನುಮೋದಿತ ಪರಿಷ್ಕರಣಾ ವಿಧಾನದ ಯಶಸ್ಸು' ಎಂಬ ಸಾಲು. ಅದರ ಕೆಳಗೆ ಏಳು ಹೆಸರುಗಳು, ಮೊದಲನೆಯದು ತಮ್ಮದು. ಸಭೆಯಲ್ಲಿ 'ಬೇಕಾದ ಹಾಗೆ' ಎಂದವರದೂ ಇದೆ. ನನ್ನದೂ ಇದೆ. ಹೇಮಶ್ರೀಯದು ಇಲ್ಲ. ಮುಕ್ತಾಯಗೊಂಡ ವಿಷಯ ಬಣ್ಣದ ಚಿತ್ರವಾಗಿ ಮತ್ತೆ ತೆರೆದುಕೊಳ್ಳುವುದಕ್ಕೆ ನಿಮ್ಮ ಆಕ್ಷೇಪಣೆ ಇಲ್ಲ ಎಂದಾಯಿತು. ತೆರೆದುಕೊಳ್ಳಬಾರದದ್ದು ಹೆಸರು ಮಾತ್ರ. ಪ್ರೋಟೀನು ಆಕೆಯದು, ಹರಳು ಆಕೆಯದು, ಪ್ರಶ್ನೆ ಆಕೆಯದು, ಕೊನೆಯ ತಿದ್ದುಪಡಿಯೂ ಆಕೆಯದು. ಹಾಗಾದರೆ ಈ ಏಳು ಜನ ಮಾಡಿದ್ದೇನು? ಈ ಪ್ರಶ್ನೆಯನ್ನು ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

ಕಳೆದ ವಾರ ಹೇಮಶ್ರೀಗೆ ಫೋನ್ ಮಾಡಿ ಈ ಪತ್ರ ಬರೆಯಲೇ ಎಂದು ಕೇಳಿದೆ. ಆಕೆ ಹೇಳಿದಳು. "ಬರೀರಿ ಸರ್. ಆದ್ರೆ ನನ್ನ ಪಾಪ ಅನ್ನೋ ಹಾಗೆ ಬರೀಬೇಡಿ. ವಾಪಸ್ ಕರೀರಿ ಅಂತಾನೂ ಬರೀಬೇಡಿ, ಕರೆದ್ರೂ ನಾನು ಬರಲ್ಲ. ಆ ಪದ ತೆಗೀಲಿ, ಅಷ್ಟು ಸಾಕು. ಮತ್ತೆ ಇನ್ನೊಬ್ರಿಗೆ ಹಿಂಗಾಗೋ ಮುಂಚೆ ಆ ನಿಘಂಟಿನ ವಿಷಯ ಒಂದು ಸರಿ ಮಾಡ್ಸಿ."

ಆದ್ದರಿಂದ ಮಾನ್ಯರೇ, ಕೇಳಿಕೊಳ್ಳುವುದನ್ನು ಬಿಟ್ಟು ಹೇಳುತ್ತಿದ್ದೇನೆ. ಆ ಪದವನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ಅದರ ಪ್ರತಿಯನ್ನು ಆಕೆಯ ಬಗ್ಗೆ ನಿಮ್ಮನ್ನು ವಿಚಾರಿಸಿದ ಎರಡೂ ಸಂಸ್ಥೆಗಳಿಗೆ ಕಳುಹಿಸಿ, ಒಂದು ಪ್ರತಿಯನ್ನು ಕನ್ನಡದಲ್ಲಿ ಬೈಯಪ್ಪನಹಳ್ಳಿಗೂ ಕಳುಹಿಸಿ, ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಗದ ಹಾಗೆ. ರಚನೆಯ ಮೇಲೆ ಮೊದಲ ಹೆಸರು ಆಕೆಯದಿರಲಿ. ಇನ್ನು ಮುಂದೆ ನಮ್ಮ ಸಂಸ್ಥೆಯಿಂದ ಹೊರಹೋಗುವ ಪ್ರತಿ ರಚನೆಯ ಜೊತೆಗೂ, ಅದರ ಅಣುವಿಗೆ ಯಾವ ನಿಘಂಟು ಬಳಸಲಾಯಿತು, ಆ ಅಂಕಿಗಳು ಎಲ್ಲಿಂದ ಬಂದವು ಎಂಬುದು ಹೋಗಲಿ. ಪ್ರೋಗ್ರಾಂ ಯಾವುದಾದರೂ ಇರಲಿ, ಒಂದು ಅಣುವಿಗೆ ಸಾಕ್ಷಿಯ ಮೇಲೆ ನಿಂತ ಒಂದೇ ನಿಘಂಟಿರಲಿ, ಸಾಕ್ಷಿ ಎಷ್ಟು ಗಟ್ಟಿಯೋ ಅಷ್ಟೇ ಬಿಗಿ ಅದರಲ್ಲಿರಲಿ. ಎರಡು ಪ್ರೋಗ್ರಾಂಗಳು ಬೇರೆ ಬೇರೆ ಹೇಳಿದಾಗ ಮನುಷ್ಯರನ್ನು ವಿಚಾರಣೆಗೆ ಕರೆಯುವ ಮೊದಲು ಆ ಎರಡು ಕಡತಗಳನ್ನು ತೆರೆದು ನೋಡುವ ಕಷ್ಟವನ್ನು ಸಮಿತಿ ತೆಗೆದುಕೊಳ್ಳಲಿ.

ಸಾಧನೆಗಳ ಬಿಡುಗಡೆ ಮುಂದಿನ ತಿಂಗಳ ಮೂರನೆಯ ಶುಕ್ರವಾರ ಎಂದು ಕೇಳಿದ್ದೇನೆ. ಅದಕ್ಕೆ ಮೊದಲು ರಚನೆಯನ್ನು ಸಾರ್ವಜನಿಕ ಸಂಗ್ರಹಕ್ಕೆ ಸಲ್ಲಿಸಬೇಕು. ಸಲ್ಲಿಸುವ ನಮೂನೆಯಲ್ಲಿ, ಅಳತೆಗಳನ್ನು ತೆಗೆದವನಾಗಿ, ನನ್ನ ಸಹಿ ಬೇಕು. ನಿಮ್ಮ ಕಚೇರಿಯಿಂದ ಅದು ಸೋಮವಾರ ಬಂದಿದೆ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಎಲ್ಲಿ ಸಹಿ ಮಾಡಬೇಕೆಂದೂ ತೋರಿಸಿದ್ದಾರೆ. ಏಳು ಹೆಸರುಗಳ ಆ ನಮೂನೆಗೆ ನಾನು ಸಹಿ ಹಾಕುವುದಿಲ್ಲ. ಎಂಟು ಹೆಸರುಗಳದ್ದನ್ನು ಕಳುಹಿಸಿದ ದಿನವೇ ಹಾಕಿಕೊಡುತ್ತೇನೆ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ನಿಮ್ಮ ಸಂಸ್ಥೆಯ ತಾಂತ್ರಿಕ ಅಧಿಕಾರಿಯಾಗಿರುವ,
ಸುಗತ
ದೊಮ್ಮಲೂರು